ಪರ್ಸ್‌ನಲ್ಲಿಟ್ಟ ಕಾರ್ಡ್ ಬಾಗಿಲಿಗೆ ಕಾಣಿಸುತ್ತಿಲ್ಲ, ಹೊರತೆಗೆದರೆ ಕಾಣಿಸುತ್ತದೆ. ಯಾಕಿರಬಹುದು?

ಎಳೆಬಿಸಿಲು

ಎರಡು ವರ್ಷದಿಂದ ಆಫೀಸಿನ ಬಾಗಿಲಿಗೆ ಪರ್ಸನ್ನೇ ಹಿಡಿದು ಒಳಗೆ ಹೋಗುತ್ತಿದ್ದೆ. ಕಾರ್ಡ್ ಹೊರತೆಗೆಯುವ ಪ್ರಮೇಯವೇ ಬಂದಿರಲಿಲ್ಲ. ಮೂರು ವಾರದಿಂದ ಎಷ್ಟು ಒತ್ತಿ ಹಿಡಿದರೂ ಸದ್ದಿಲ್ಲ, ದೀಪವೂ ಬದಲಾಗುವುದಿಲ್ಲ. ಕಾರ್ಡ್ ಮಾತ್ರ ತೆಗೆದು ತೋರಿಸಿದರೆ ತಕ್ಷಣ ಬಾಗಿಲು ತೆರೆದುಕೊಳ್ಳುತ್ತದೆ. ಅಂದರೆ ಕಾರ್ಡ್ ಕೆಟ್ಟಿಲ್ಲ. ಅದೇ ಪರ್ಸ್‌ನಲ್ಲಿ ಬಸ್ಸಿನ ಕಾರ್ಡ್ ಒಂದಿದೆ, ತಟ್ಟಿ ಹಣ ಕೊಡುವ ಬ್ಯಾಂಕ್ ಕಾರ್ಡ್ ಒಂದಿದೆ. ಬ್ಯಾಂಕ್ ಕಾರ್ಡ್ ಹೊಸದು. ಅದು ಬಂದದ್ದೂ ಹೆಚ್ಚುಕಡಿಮೆ ಮೂರು ವಾರದ ಹಿಂದೆಯೇ.

ಇದರ ಜೊತೆಗೆ ಬಹಳ ದಿನದಿಂದ ಕೇಳಬೇಕೆಂದಿದ್ದ ಇನ್ನೊಂದು ಪ್ರಶ್ನೆ: ಬ್ಯಾಟರಿಯೇ ಇಲ್ಲದ ಈ ಪ್ಲಾಸ್ಟಿಕ್ ತುಂಡು ಬಾಗಿಲಿಗೆ ಉತ್ತರ ಕೊಡುವುದಾದರೂ ಹೇಗೆ? ಕಾರ್ಡಿನ ಎರಡೂ ಬದಿಯ ಫೋಟೋ ಹಾಕಿದ್ದೇನೆ.

ಬೀಗದಕೈ

ಮೊದಲು ಆ ಫೋಟೋ ತೆಗೆದುಬಿಡಿ, ದಯವಿಟ್ಟು. ಹಿಂಬದಿಯಲ್ಲಿ ಅಚ್ಚಾಗಿರುವ ಅಂಕಿಗಳು ಕಾಣುತ್ತಿವೆ. ಕಾರಣ ಆಮೇಲೆ ವಿವರವಾಗಿ ಬರೆಯುತ್ತೇನೆ.

ಎಳೆಬಿಸಿಲು

ತೆಗೆದೆ. ಕಾರಣ ತಿಳಿಯುವ ಕುತೂಹಲ ಇದೆ.

ತಾಮ್ರದ ಸುರುಳಿ

ಆಂಟೆನಾ ವಿನ್ಯಾಸ ನನ್ನ ವೃತ್ತಿ, ಹಾಗಾಗಿ ಬ್ಯಾಟರಿಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಈ ತಂತ್ರದ ಹೆಸರು ಆರ್‌ಎಫ್‌ಐಡಿ, ಅಂದರೆ ರೇಡಿಯೋ ಮೂಲಕ ಗುರುತು ಹಿಡಿಯುವುದು.

ಕಾರ್ಡನ್ನು ಜೋರಾದ ಟಾರ್ಚಿಗೆ ಅಡ್ಡ ಹಿಡಿಯಿರಿ. ಒಳಗೆ ಒಂದು ತಂತಿಯ ಸುರುಳಿ, ಅದರ ತುದಿಯಲ್ಲಿ ಎಳ್ಳಿನಷ್ಟು ಚಿಪ್ ಕಾಣಬಹುದು. ಬಾಗಿಲ ಪಕ್ಕದ ರೀಡರಿನಲ್ಲೂ ಒಂದು ಸುರುಳಿ ಇದೆ. ಅದರಲ್ಲಿ ಸೆಕೆಂಡಿಗೆ ಲಕ್ಷಗಟ್ಟಲೆ ಅಥವಾ ಕೋಟಿಗಟ್ಟಲೆ ಬಾರಿ ದಿಕ್ಕು ಬದಲಿಸುವ ಕರೆಂಟ್ ಹರಿದು ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ಕಾರ್ಡಿನ ಸುರುಳಿ ಆ ಕ್ಷೇತ್ರದೊಳಗೆ ಬಂದ ಕೂಡಲೇ ಅದರಲ್ಲೂ ಒಂದಿಷ್ಟು ವಿದ್ಯುತ್ ಹುಟ್ಟುತ್ತದೆ. ಚಿಪ್ ಎಚ್ಚರಗೊಳ್ಳಲು ಅಷ್ಟು ಸಾಕು. ಶಾಲೆಯಲ್ಲಿ ಓದಿದ ಟ್ರಾನ್ಸ್‌ಫಾರ್ಮರನ್ನು ನೆನಪಿಸಿಕೊಳ್ಳಿ: ಒಂದು ಸುರುಳಿ ಗೋಡೆಯಲ್ಲಿದೆ, ಇನ್ನೊಂದು ನಿಮ್ಮ ಕೈಯಲ್ಲಿದೆ.

ಕಾರ್ಡ್ ಉತ್ತರ ಕೊಡುವ ಬಗೆ ನನಗೆ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ಅದು ತಾನಾಗಿ ಏನನ್ನೂ ಪ್ರಸಾರ ಮಾಡುವುದಿಲ್ಲ. ತನ್ನ ಸುರುಳಿಯ ಮೇಲಿನ ಹೊರೆಯನ್ನು ಒಂದು ಲಯದಲ್ಲಿ ಏರಿಸಿ ಇಳಿಸುತ್ತದೆ, ಅಷ್ಟೇ. ಇಬ್ಬರು ಒಂದೇ ಹಗ್ಗ ಹಿಡಿದು ನಿಂತಾಗ ಆ ತುದಿಯವರು ಜಗ್ಗಿದ್ದು ಈ ತುದಿಯವರ ಕೈಗೆ ತಿಳಿಯುವುದಿಲ್ಲವೇ, ಹಾಗೆ ರೀಡರ್ ತನ್ನದೇ ಸುರುಳಿಯಲ್ಲಿ ಆದ ಸಣ್ಣ ಏರಿಳಿತವನ್ನು ಗುರುತಿಸಿ ಅಂಕಿಗಳನ್ನಾಗಿ ಓದಿಕೊಳ್ಳುತ್ತದೆ.

ಇನ್ನು ನಿಮ್ಮ ಪರ್ಸಿನ ವಿಷಯ. ಬ್ಯಾಂಕ್ ಕಾರ್ಡ್ 13.56 ಮೆಗಾಹರ್ಟ್ಸ್‌ನಲ್ಲಿ (ಸೆಕೆಂಡಿಗೆ ಸುಮಾರು 1.36 ಕೋಟಿ ಬಾರಿ) ಕೆಲಸ ಮಾಡುತ್ತದೆ, ಬಸ್ಸಿನ ಕಾರ್ಡೂ ಬಹುತೇಕ ಅಲ್ಲಿಯೇ. ಬಾಗಿಲಿನದ್ದೂ ಅದೇ ಆಗಿದ್ದರೆ ಮೂರೂ ಒಂದೇ ಕ್ಷೇತ್ರದ ಶಕ್ತಿ ಹಂಚಿಕೊಳ್ಳುತ್ತವೆ. ಒತ್ತಿಕೊಂಡಿರುವ ಸುರುಳಿಗಳು ಒಂದರ ಶ್ರುತಿಯನ್ನು ಇನ್ನೊಂದು ಕೆಡಿಸುವುದೂ ಉಂಟು. ಹೊಸ ಬ್ಯಾಂಕ್ ಕಾರ್ಡಿನ ಮೇಲೆ ನನ್ನ ಅನುಮಾನ.

ಪುಟಗಿವಿ

ನಾನು ಗ್ರಂಥಪಾಲಕಿ. ಸುರುಳಿಗಳು ಒಂದರ ಮೇಲೊಂದು ಕೂತರೆ ಏನಾಗುತ್ತದೆ ಎಂಬುದನ್ನು ಪುಸ್ತಕಗಳಲ್ಲಿ ದಿನವೂ ಕಾಣುತ್ತೇನೆ.

ನಮ್ಮ ಪುಸ್ತಕಗಳಿಗೆ ಅಂಟಿಸುವ ಟ್ಯಾಗ್ (ಇಂಥದ್ದೇ ಸುರುಳಿ, ಚಿಪ್ ಇರುವ ಚೀಟಿ) ಕೂಡ 13.56 ಮೆಗಾಹರ್ಟ್ಸ್‌ನದ್ದೇ, ಆದರೆ ಮಾನಕ ಬೇರೆ. ಬ್ಯಾಂಕ್ ಕಾರ್ಡ್ ಐಎಸ್‌ಒ 14443 ಎಂಬ ಅಂತರರಾಷ್ಟ್ರೀಯ ಮಾನಕದ ಪ್ರಕಾರ, ಕೆಲವೇ ಸೆಂಟಿಮೀಟರ್ ದೂರದಲ್ಲಿ ಓದುವಂಥದ್ದು. ಪುಸ್ತಕದ್ದು ಐಎಸ್‌ಒ 15693, ದೊಡ್ಡ ಆಂಟೆನಾ ಇದ್ದರೆ ಸುಮಾರು ಒಂದು ಮೀಟರ್‌ವರೆಗೂ ಸಿಗುತ್ತದೆ. ಹಾಗಾಗಿಯೇ ಬಾಗಿಲ ಎರಡು ಕಂಬಗಳ ನಡುವೆ ಚೀಲದಲ್ಲಿರುವ ಪುಸ್ತಕವನ್ನೂ ಗುರುತಿಸಲು ಆಗುವುದು.

ಶುರುವಿನಲ್ಲಿ ನಾವು ಎಲ್ಲ ಪುಸ್ತಕಗಳಿಗೂ ಹಿಂದಿನ ರಟ್ಟಿನ ಒಂದೇ ಜಾಗದಲ್ಲಿ, ಅಚ್ಚುಕಟ್ಟಾಗಿ ಟ್ಯಾಗ್ ಅಂಟಿಸಿದೆವು. ಅದೇ ತಪ್ಪಾಯಿತು. ಮಕ್ಕಳ ತೆಳು ಪುಸ್ತಕಗಳನ್ನು ಹತ್ತು ಜೋಡಿಸಿ ಇಟ್ಟರೆ ಟ್ಯಾಗ್‌ಗಳು ಸರಿಯಾಗಿ ಒಂದರ ಮೇಲೊಂದು ಬಂದು, ಏಳು ಓದಿ ಮೂರು ಮಾಯ. ಈಗ ಒಂದಕ್ಕೆ ಮೇಲೆ, ಒಂದಕ್ಕೆ ನಡುವೆ, ಒಂದಕ್ಕೆ ಕೆಳಗೆ ಅಂಟಿಸುತ್ತೇವೆ. ತೊಂದರೆ ಬಹುಪಾಲು ನಿಂತಿದೆ. ಹೊಳೆಯುವ ಲೋಹದ ಲೇಪವಿರುವ ಮುಖಪುಟ ಮಾತ್ರ ಈಗಲೂ ಕಾಡುತ್ತದೆ. ಅಂಥ ಪುಸ್ತಕಗಳ ಟ್ಯಾಗನ್ನು ಒಳಪುಟಕ್ಕೆ ಸರಿಸುತ್ತೇವೆ.

ಬಾರ್‌ಕೋಡ್ ಸಾಲದೇ ಎಂದು ಕೇಳುವವರಿದ್ದಾರೆ. ಬಾರ್‌ಕೋಡನ್ನು ಒಂದೊಂದಾಗಿ ಬೆಳಕಿಗೆ ಕಾಣುವಂತೆ ಹಿಡಿಯಬೇಕು. ಟ್ಯಾಗ್ ಆದರೆ ಪುಸ್ತಕ ತೆರೆಯಬೇಕಿಲ್ಲ. ನನಗೆ ಅತಿ ದೊಡ್ಡ ಉಪಕಾರ ಆಗಿರುವುದು ಕಪಾಟಿನ ಮುಂದೆ. ಕೈಯಲ್ಲಿ ಹಿಡಿಯುವ ರೀಡರನ್ನು ಸಾಲಿನ ಉದ್ದಕ್ಕೂ ಆಡಿಸುತ್ತ ಹೋದರೆ, ತಪ್ಪು ಜಾಗದಲ್ಲಿ ಸೇರಿಕೊಂಡ ಪುಸ್ತಕ ತಾನೇ ಕೂಗುತ್ತದೆ. ತಪ್ಪಾಗಿ ಇಟ್ಟ ಪುಸ್ತಕ ಕಳೆದುಹೋದದ್ದಕ್ಕೆ ಸಮ. ಅಂಥವನ್ನು ಹುಡುಕಿ ಓದುಗರ ಕೈಗಿಟ್ಟಾಗ ಆಗುವ ಸಂತೋಷ ಹೇಳತೀರದು.

ಎಳೆಬಿಸಿಲು

> ಏಳು ಓದಿ ಮೂರು ಮಾಯ

ಹತ್ತು ಟ್ಯಾಗ್‌ಗಳು ಒಟ್ಟಿಗೆ ಉತ್ತರ ಕೊಟ್ಟರೆ ಗದ್ದಲ ಆಗುವುದಿಲ್ಲವೇ? ಅಷ್ಟರಲ್ಲಿ ಏಳು ಓದಿದ್ದೇ ನನಗೆ ಆಶ್ಚರ್ಯ.

ಗೋದಾಮು

ಇದಕ್ಕೆ ನಾನು ಉತ್ತರಿಸಬಲ್ಲೆ. ನಮ್ಮ ಗೋದಾಮಿನಲ್ಲಿ ಒಂದು ಬಾಗಿಲು ದಾಟುವ ಹೊತ್ತಿಗೆ ನೂರಾರು ಪೆಟ್ಟಿಗೆಗಳು ತಮ್ಮ ಗುರುತು ಹೇಳಬೇಕು. ನಾವು ಬಳಸುವುದು ಯುಎಚ್‌ಎಫ್ ಎಂಬ ಬಹಳ ಮೇಲಿನ ಆವರ್ತನ, 860ರಿಂದ 960 ಮೆಗಾಹರ್ಟ್ಸ್ ಒಳಗಿನದ್ದು. ಒಂದೊಂದು ದೇಶ ಇದರೊಳಗೆ ತನ್ನದೇ ತುಂಡನ್ನು ಗೊತ್ತು ಮಾಡಿಕೊಂಡಿದೆ: ಯುರೋಪಿನಲ್ಲಿ 865–868, ಅಮೆರಿಕದಲ್ಲಿ 902–928.

ಗದ್ದಲ ತಪ್ಪಿಸುವ ಉಪಾಯ ಸರಳ. ರೀಡರ್ ಮೊದಲು "ಇಷ್ಟು ಸರದಿಗಳಿವೆ" ಎಂದು ಸಾರುತ್ತದೆ. ಪ್ರತಿ ಟ್ಯಾಗ್ ಮನಸ್ಸಿಗೆ ಬಂದ ಒಂದು ಸರದಿಯನ್ನು ಆರಿಸಿಕೊಂಡು ಕಾಯುತ್ತದೆ. ಒಂದು ಸರದಿಯಲ್ಲಿ ಒಂದೇ ಟ್ಯಾಗ್ ಮಾತಾಡಿದರೆ ಅದರ ಕೆಲಸ ಮುಗಿಯಿತು, ಅದು ಸುಮ್ಮನಾಗುತ್ತದೆ. ಎರಡು ಢಿಕ್ಕಿ ಹೊಡೆದರೆ ಅವು ಮುಂದಿನ ಸುತ್ತಿಗೆ ಉಳಿಯುತ್ತವೆ. ಢಿಕ್ಕಿ ಹೆಚ್ಚಾದರೆ ರೀಡರ್ ಸರದಿಗಳನ್ನು ಹೆಚ್ಚಿಸುತ್ತದೆ, ಖಾಲಿ ಸರದಿಗಳು ಹೆಚ್ಚಾದರೆ ಕಡಿಮೆ ಮಾಡುತ್ತದೆ. ಸೆಕೆಂಡಿಗೆ ನೂರಾರು ಟ್ಯಾಗ್ ಓದುವುದು ಹೀಗೆ.

ಯುಎಚ್‌ಎಫ್‌ನಲ್ಲಿ ಸುರುಳಿಯ ಜಗ್ಗಾಟ ಇಲ್ಲ. ರೀಡರಿನ ಅಲೆ ದೂರಕ್ಕೆ ಹೋಗುತ್ತದೆ, ಟ್ಯಾಗ್ ಅದನ್ನು ಹೆಚ್ಚು–ಕಡಿಮೆ ಪ್ರತಿಫಲಿಸಿ ಉತ್ತರಿಸುತ್ತದೆ. ಬಿಸಿಲಿಗೆ ಕನ್ನಡಿ ತಿರುಗಿಸಿ ದೂರದವರಿಗೆ ಸನ್ನೆ ಮಾಡಿದಂತೆ. ಬ್ಯಾಟರಿ ಇಲ್ಲದೆಯೂ ಹಲವು ಮೀಟರ್ ಸಿಗುತ್ತದೆ. ಪ್ರತಿಫಲನದಿಂದ ಸಂವಹನ ಎಂಬ ವಿಚಾರವನ್ನು ಹ್ಯಾರಿ ಸ್ಟಾಕ್‌ಮನ್ 1948ರಲ್ಲೇ ಪ್ರಬಂಧವಾಗಿ ಬರೆದಿದ್ದರು. ಅದಕ್ಕೂ ಮೊದಲು, 1945ರಲ್ಲಿ, ಸೋವಿಯತ್ ಶಾಲಾಮಕ್ಕಳು ಮಾಸ್ಕೋದ ಅಮೆರಿಕನ್ ರಾಯಭಾರಿಗೆ ಮರದಲ್ಲಿ ಕೆತ್ತಿದ ಲಾಂಛನವೊಂದನ್ನು ಉಡುಗೊರೆ ಕೊಟ್ಟರು. ಅದರೊಳಗೆ ಬ್ಯಾಟರಿಯೂ ವೈರೂ ಇಲ್ಲದ ಕದ್ದಾಲಿಕೆಯ ಸಾಧನ ಇತ್ತು, ವಿನ್ಯಾಸ ಸೋವಿಯತ್ ಸಂಶೋಧಕ ಲಿಯೋನ್ ಥೆರೆಮಿನ್ ಅವರದ್ದು. ಹೊರಗಿನಿಂದ ರೇಡಿಯೋ ಅಲೆ ಹಾಯಿಸಿದಾಗ ಮಾತ್ರ ಅದಕ್ಕೆ ಜೀವ. ಪತ್ತೆಯಾದದ್ದು 1952ರಲ್ಲಿ. ನಮ್ಮ ಪೆಟ್ಟಿಗೆಯ ಮೇಲಿನ ಸ್ಟಿಕರಿನ ಹಿರಿಯಜ್ಜ ಎಂದು ಅದನ್ನು ಕರೆಯಬಹುದು.

ಒಂದೇ ಕಷ್ಟ: ನೀರು ಈ ಅಲೆಯನ್ನು ಹೀರುತ್ತದೆ, ಲೋಹ ಹಿಂದಕ್ಕೆ ಎಸೆಯುತ್ತದೆ. ಬಟ್ಟೆಯ ಪೆಟ್ಟಿಗೆಗಳು ಸಲೀಸಾಗಿ ಓದುತ್ತವೆ. ದ್ರವ ತುಂಬಿದ ಬಾಟಲಿಗಳ ಪೆಟ್ಟಿಗೆಯ ನಡುವಿನ ಟ್ಯಾಗ್ ಸಿಗುವುದೇ ಇಲ್ಲ. ಟ್ಯಾಗನ್ನು ಎಲ್ಲಿ ಅಂಟಿಸಬೇಕು ಎಂದು ಕಂಡುಕೊಳ್ಳಲು ನಮಗೆ ತಿಂಗಳುಗಳೇ ಬೇಕಾದವು.

ನಿಧಾನ ಓಟ

ನೀರು ಎಂದಿರಲ್ಲ, ಮನುಷ್ಯನೂ ಬಹುಪಾಲು ನೀರೇ. ಓಟದ ಸ್ಪರ್ಧೆಗಳಲ್ಲಿ ಸಮಯ ದಾಖಲಿಸುವ ತಂಡಕ್ಕೆ ಸ್ವಯಂಸೇವಕನಾಗಿ ಹೋಗುತ್ತೇನೆ. ಎದೆಯ ಮೇಲಿನ ನಂಬರ್ ಹಾಳೆಯ ಹಿಂದೆ ಯುಎಚ್‌ಎಫ್ ಟ್ಯಾಗ್ ಇರುತ್ತದೆ. ಒದ್ದೆ ಅಂಗಿಗೆ ಅದು ಅಂಟಿಕೊಂಡರೆ ಓದುವುದು ಕಷ್ಟ, ಆದ್ದರಿಂದ ಎಷ್ಟೋ ಕಡೆ ಟ್ಯಾಗಿನ ಹಿಂದೆ ಸ್ಪಾಂಜಿನ ತೆಳು ಪಟ್ಟಿ ಹಾಕುತ್ತಾರೆ. ಕೆಲವರು ಹಾಳೆ ದೊಡ್ಡದಾಯಿತೆಂದು ಮಡಚಿಬಿಡುತ್ತಾರೆ, ಕೆಲವರು ಸೊಂಟಕ್ಕೆ ಸುತ್ತಿಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ತಿಂಗಳುಗಟ್ಟಲೆ ತಯಾರಿ ಮಾಡಿ ಓಡಿ ಮುಗಿಸಿದವರ ಹೆಸರಿನ ಮುಂದೆ ಸಮಯ ಇಲ್ಲದಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಗುಂಪಿನ ಹಿಂದೆ ನಿಂತವರಿಗೆ ಈ ಟ್ಯಾಗ್ ಕೊಟ್ಟ ನ್ಯಾಯ ದೊಡ್ಡದು. ಹಿಂದೆಲ್ಲ ಗುಂಡು ಹಾರಿದ ಕ್ಷಣದಿಂದಲೇ ಎಲ್ಲರ ಲೆಕ್ಕ. ಈಗ ನೀವು ಆರಂಭದ ಗೆರೆ ದಾಟಿದ ಕ್ಷಣದಿಂದ ನಿಮ್ಮ ಗಡಿಯಾರ ಶುರು.

ಗೊರಸು

ಪಶುವೈದ್ಯನಾಗಿ ಒಂದು ಮಾತು. ದೇಹದ ನೀರು ಅಡ್ಡ ಬರುತ್ತದೆ ಎಂಬ ಕಾರಣದಿಂದಲೂ ಪ್ರಾಣಿಗಳಿಗೆ ಯುಎಚ್‌ಎಫ್ ಅಲ್ಲ, 134.2 ಕಿಲೋಹರ್ಟ್ಸ್ ಆರಿಸಿಕೊಂಡಿರುವುದು. ಆ ಕೆಳಗಿನ ಆವರ್ತನ ಮಾಂಸ–ಚರ್ಮಗಳನ್ನು ಲೆಕ್ಕಿಸದೆ ದಾಟುತ್ತದೆ. ನಾಯಿ–ಬೆಕ್ಕುಗಳ ಹೆಗಲೆಲುಬುಗಳ ನಡುವೆ, ಚರ್ಮದಡಿ, ಅಕ್ಕಿಕಾಳಿಗಿಂತ ತುಸು ದೊಡ್ಡ ಗಾಜಿನ ಗುಳಿಗೆ ಸೇರಿಸುತ್ತೇವೆ. ದನಗಳಿಗೆ ಕಿವಿಯ ಓಲೆ.

ಪ್ರಾಣಿ ಸಾಕುವವರಲ್ಲಿ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಕೂತಿದೆ. ಚಿಪ್ ಹಾಕಿಸಿದರೆ ನಾಯಿ ಎಲ್ಲಿದೆ ಎಂದು ಫೋನಿನಲ್ಲಿ ಕಾಣುತ್ತದೆ ಎಂದುಕೊಳ್ಳುತ್ತಾರೆ. ಇಲ್ಲ. ಅದರಲ್ಲಿರುವುದು 15 ಅಂಕಿಗಳು ಮಾತ್ರ. ಮೊದಲ ಮೂರು ಅಂಕಿ ದೇಶವನ್ನೋ ತಯಾರಕರನ್ನೋ ಸೂಚಿಸುತ್ತವೆ, ಉಳಿದ 12 ಆ ಪ್ರಾಣಿಯ ಗುರುತು. ಯಾರೋ ಪುಣ್ಯಾತ್ಮರು ನಾಯಿಯನ್ನು ಹಿಡಿದು ತಂದು, ನಾವು ರೀಡರ್ ಹಿಡಿದು, ಆ ಅಂಕಿಯನ್ನು ನೋಂದಣಿ ಪಟ್ಟಿಯಲ್ಲಿ ಹುಡುಕಿದಾಗ ಮಾತ್ರ ನಿಮ್ಮ ಹೆಸರು ಸಿಗುವುದು. ಪಟ್ಟಿಯಲ್ಲಿ ಹಳೇ ಫೋನ್ ನಂಬರ್ ಇದ್ದರೆ ಏನು ಮಾಡುವುದು? ಚಿಪ್ ಸರಿಯಾಗಿ ಓದಿ, ಕರೆ ಹೋಗದೆ, ನಾಯಿಯ ಮುಖ ನೋಡುತ್ತ ಕೂತ ಸಂಜೆಗಳು ನನಗೆ ಮರೆಯುವುದಿಲ್ಲ. ಮನೆ ಬದಲಿಸಿದರೆ, ನಂಬರ್ ಬದಲಿಸಿದರೆ, ಆ ದಿನವೇ ತಿದ್ದಿಸಿ.

ಮಬ್ಬುಗನ್ನಡಿ

ಎಲ್ಲರೂ ಒಳ್ಳೆಯದನ್ನೇ ಹೇಳುತ್ತಿದ್ದೀರಿ. ನನಗೆ ಭಯವಿದೆ, ಮುಚ್ಚಿಡುವುದಿಲ್ಲ. ಮುಟ್ಟದೆ, ಕೇಳದೆ, ನನಗೆ ಗೊತ್ತಾಗದಂತೆ ಓದಬಹುದಾದ ವಸ್ತುವನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ. ಜನಜಂಗುಳಿಯಲ್ಲಿ ಪಕ್ಕ ನಿಂತವರು ಬ್ಯಾಂಕ್ ಕಾರ್ಡ್ ಓದಿದರೆ? ಹತ್ತು ಮೀಟರ್ ದೂರದಿಂದ ಓದಿದರೆ? ನಾನು ಕಾರ್ಡುಗಳನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಇಡುತ್ತೇನೆ.

ತಾಮ್ರದ ಸುರುಳಿ

ನಿಮ್ಮ ಭಯವನ್ನು ತಳ್ಳಿಹಾಕುವುದಿಲ್ಲ, ಅಳೆದು ನೋಡೋಣ.

ಹತ್ತು ಮೀಟರ್ ಎನ್ನುವುದು ಯುಎಚ್‌ಎಫ್ ಲೆಕ್ಕ, ಬ್ಯಾಂಕ್ ಕಾರ್ಡಿಗೆ ಅನ್ವಯಿಸುವುದಿಲ್ಲ. ಸಣ್ಣ ಸುರುಳಿಯ ಕಾಂತಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ. ದೂರ ಎರಡು ಪಟ್ಟಾದರೆ ಬಲ ಎಂಟರಲ್ಲಿ ಒಂದು ಪಾಲು, ಹತ್ತು ಪಟ್ಟಾದರೆ ಸಾವಿರದಲ್ಲಿ ಒಂದು ಪಾಲು. ಹಾಗಾಗಿ ಕಾರ್ಡನ್ನು ದೂರದಿಂದ ಎಬ್ಬಿಸುವುದು ಬಹಳ ಕಷ್ಟ. ಪಕ್ಕದಲ್ಲೇ ಒತ್ತಿ ನಿಂತವರಿಗೆ ಸಾಧ್ಯ, ಅದನ್ನು ಒಪ್ಪುತ್ತೇನೆ. ಎಷ್ಟೋ ಬ್ಯಾಂಕ್ ಕಾರ್ಡುಗಳಿಂದ ಕಾರ್ಡ್ ಸಂಖ್ಯೆ ಮತ್ತು ಅವಧಿ ಮುಗಿಯುವ ತಿಂಗಳು ಹೀಗೆ ಸಿಗಬಹುದು. ಆದರೆ ಹಿಂಬದಿ ಅಚ್ಚಾದ ಮೂರು ಅಂಕಿ ಗಾಳಿಯಲ್ಲಿ ಬರುವುದಿಲ್ಲ. ತಟ್ಟಿದಾಗ ಹಣ ಹೋಗುವುದು ಆ ವ್ಯವಹಾರಕ್ಕೆಂದೇ ಚಿಪ್ ಲೆಕ್ಕ ಹಾಕಿ ಕೊಡುವ ಗುಪ್ತ ಉತ್ತರದಿಂದ. ಒಮ್ಮೆ ಕದ್ದ ಉತ್ತರ ಮತ್ತೊಮ್ಮೆ ನಡೆಯುವುದಿಲ್ಲ.

ಅಲ್ಯೂಮಿನಿಯಂ ಹಾಳೆ 13.56 ಮೆಗಾಹರ್ಟ್ಸ್‌ಗೆ ಒಳ್ಳೆಯ ತಡೆ. 125 ಕಿಲೋಹರ್ಟ್ಸ್‌ನಂಥ ಕೆಳ ಆವರ್ತನಕ್ಕೆ ಅಷ್ಟು ತೆಳು ಹಾಳೆ ಅದೇ ಮಟ್ಟದ ತಡೆಯಲ್ಲ.

ಗೋದಾಮು

ಮಬ್ಬುಗನ್ನಡಿಯವರ ಮಾತಿಗೆ ನನ್ನ ಕಡೆಯಿಂದ ಬೆಂಬಲ, ಆದರೆ ಬೇರೆ ಜಾಗದಲ್ಲಿ. ಚಿಂತಿಸಬೇಕಾದದ್ದು ಬಟ್ಟೆಯ ಲೇಬಲಿನಲ್ಲಿ ಉಳಿದುಬಿಡುವ ಯುಎಚ್‌ಎಫ್ ಟ್ಯಾಗ್ ಬಗ್ಗೆ. ಅದು ಯಾರ ಹೆಸರನ್ನೂ ಹೇಳುವುದಿಲ್ಲ ನಿಜ, ಆದರೆ ಆ ಒಂದು ಅಂಗಿಯ ವಿಶಿಷ್ಟ ಸಂಖ್ಯೆಯನ್ನು ಕೇಳಿದವರಿಗೆಲ್ಲ ಹೇಳಬಲ್ಲದು. ಅದೇ ಸಂಖ್ಯೆ ಇಲ್ಲೂ ಕಂಡಿತು, ಅಲ್ಲೂ ಕಂಡಿತು ಎಂದು ಜೋಡಿಸುವವರಿದ್ದರೆ ಅದು ಜಾಡು. ಯುಎಚ್‌ಎಫ್ ಟ್ಯಾಗಿನ ಮಾನಕದಲ್ಲಿ ಟ್ಯಾಗನ್ನು ಶಾಶ್ವತವಾಗಿ ಸುಮ್ಮನಾಗಿಸುವ ಆದೇಶವೂ ಇದೆ, 32 ಬಿಟ್ ಗುಪ್ತಪದದೊಂದಿಗೆ. ಮಾರಾಟದ ಹೊತ್ತಿನಲ್ಲಿ ಅದನ್ನು ಬಳಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿವರೆಗೆ ಲೇಬಲ್ ಕತ್ತರಿಸಿ ಹಾಕಿ.

ಬೀಗದಕೈ

ಫೋಟೋ ತೆಗೆಯಲು ಯಾಕೆ ಹೇಳಿದೆ ಎಂದು ಈಗ ಬರೆಯುತ್ತೇನೆ. ಬಾಗಿಲ ವ್ಯವಸ್ಥೆಗಳನ್ನು ಅಳವಡಿಸುವುದು ನನ್ನ ಕೆಲಸ.

ಆರ್‌ಎಫ್‌ಐಡಿ ಎಂಬ ಒಂದೇ ಹೆಸರಿನಡಿ ಎರಡು ಪೂರ್ತಿ ಬೇರೆ ಸ್ವಭಾವದ ಕಾರ್ಡುಗಳಿವೆ. ಒಂದು, ಶಕ್ತಿ ಸಿಕ್ಕ ಕೂಡಲೇ ತನ್ನ ಸಂಖ್ಯೆಯನ್ನು ಒದರುತ್ತದೆ. ಯಾರು ಕೇಳಿದರು, ಯಾಕೆ ಕೇಳಿದರು ಎಂಬ ವಿಚಾರಣೆ ಇಲ್ಲ. 125 ಕಿಲೋಹರ್ಟ್ಸ್‌ನ ಹಳೆಯ ಬಾಗಿಲ ಕಾರ್ಡುಗಳು ಬಹುಪಾಲು ಇಂಥವು. ಆ ಸಂಖ್ಯೆಯನ್ನು ಓದಿ ಇನ್ನೊಂದು ಟ್ಯಾಗಿಗೆ ಬರೆದರೆ ಬಾಗಿಲಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಎಷ್ಟೋ ಕಾರ್ಡುಗಳ ಹಿಂಬದಿಯಲ್ಲಿ ಅಚ್ಚು ಹಾಕಿರುವುದೂ ಅದೇ ಸಂಖ್ಯೆ. ಅದರ ಫೋಟೋ ಹಾಕಿದರೆ ಕೀಲಿಯನ್ನು ಬೀದಿಯಲ್ಲಿಟ್ಟಂತೆ.

ಎರಡನೆಯದು ಸಂಖ್ಯೆ ಹೇಳಿ ಸುಮ್ಮನಾಗುವುದಿಲ್ಲ. ಬಾಗಿಲು ಪ್ರತಿಸಲ ಹೊಸ ಪ್ರಶ್ನೆ ಕೇಳುತ್ತದೆ, ಕಾರ್ಡ್ ತನ್ನೊಳಗಿನ ಗುಪ್ತಕೀಲಿಯಿಂದ ಲೆಕ್ಕ ಮಾಡಿ ಉತ್ತರಿಸುತ್ತದೆ. ಕೀಲಿ ಎಂದೂ ಹೊರಬರುವುದಿಲ್ಲ. ಆದರೆ ಗುಪ್ತಲಿಪಿ ಇದೆ ಎಂದಮಾತ್ರಕ್ಕೆ ನೆಮ್ಮದಿಯಲ್ಲ. 1994ರಲ್ಲಿ ಬಂದ ಮೈಫೇರ್ ಕ್ಲಾಸಿಕ್ ಕಾರ್ಡ್ ಜಗತ್ತಿನಾದ್ಯಂತ ಬಸ್ಸು–ರೈಲು–ಕಚೇರಿಗಳಲ್ಲಿ ಹರಡಿತ್ತು. ಅದರ ಕ್ರಿಪ್ಟೋ–1 ಎಂಬ ಲೆಕ್ಕದ ವಿಧಾನವನ್ನೇ ಗುಟ್ಟಾಗಿ ಇಟ್ಟಿದ್ದರು, ಕೀಲಿಯೋ ಬರೀ 48 ಬಿಟ್. 2008ರಲ್ಲಿ ನೆದರ್‌ಲ್ಯಾಂಡ್ಸ್‌ನ ನೈಮೇಗನ್‌ನಲ್ಲಿರುವ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ಮುರಿದು ತೋರಿಸಿದರು. ಪ್ರಕಟಣೆ ತಡೆಯಲು ತಯಾರಕ ಕಂಪನಿ ನ್ಯಾಯಾಲಯಕ್ಕೆ ಹೋಯಿತು, ನ್ಯಾಯಾಲಯ ಒಪ್ಪಲಿಲ್ಲ. ಆ ತೀರ್ಪು ಸರಿಯಾಗಿತ್ತು ಎಂದು ನಾನು ನಂಬುತ್ತೇನೆ. ದೋಷ ಬೆಳಕಿಗೆ ಬಂದದ್ದರಿಂದಲೇ ಜನ ಎಇಎಸ್‌ನಂಥ ಎಲ್ಲರೂ ಪರೀಕ್ಷಿಸಿದ ವಿಧಾನದ ಕಾರ್ಡುಗಳಿಗೆ ಹೊರಳಿದರು.

ಎಳೆಬಿಸಿಲು ಅವರೇ, ನಿಮ್ಮದು ಯಾವ ಜಾತಿಯ ಕಾರ್ಡ್ ಎಂದು ಮನೆಯಲ್ಲೇ ಪರೀಕ್ಷಿಸಬಹುದು. ಫೋನಿನ ಎನ್‌ಎಫ್‌ಸಿ (ಇಂಥ ಕಾರ್ಡುಗಳನ್ನು ಓದುವ ಸೌಲಭ್ಯ) ಆನ್ ಮಾಡಿ ಒಂದೊಂದೇ ಕಾರ್ಡನ್ನು ಬೆನ್ನಿಗೆ ತಾಗಿಸಿ. ಫೋನ್ 13.56 ಮೆಗಾಹರ್ಟ್ಸ್ ಮಾತ್ರ ಬಲ್ಲದು.

ಎಳೆಬಿಸಿಲು

ಪರೀಕ್ಷಿಸಿದೆ. ಬ್ಯಾಂಕ್ ಕಾರ್ಡಿಗೂ ಬಸ್ಸಿನ ಕಾರ್ಡಿಗೂ ಫೋನ್ ಸದ್ದು ಮಾಡಿತು. ಆಫೀಸ್ ಕಾರ್ಡಿಗೆ ಏನೂ ಇಲ್ಲ, ಎಲ್ಲ ಕೋನದಲ್ಲೂ ಹಿಡಿದು ನೋಡಿದೆ. ಟಾರ್ಚಿಗೆ ಹಿಡಿದಾಗ ಬಸ್ಸಿನ ಕಾರ್ಡಿನ ಅಂಚಿನುದ್ದಕ್ಕೂ ನಾಲ್ಕೈದು ಗೆರೆಗಳ ಚೌಕ ಕಾಣಿಸಿತು. ಆಫೀಸ್ ಕಾರ್ಡಿನೊಳಗೆ ಕೂದಲೆಳೆಯಂಥ ತಂತಿ ಬಹಳ ಸುತ್ತು ಸುತ್ತಿದ ದುಂಡನೆಯ ಬಳೆ.

ತಾಮ್ರದ ಸುರುಳಿ

ಹಾಗಾದರೆ ನನ್ನ ಮೊದಲ ಊಹೆ ತಪ್ಪು. ದುಂಡು ಬಳೆ, ಫೋನಿಗೆ ಕಾಣುವುದಿಲ್ಲ: ಎರಡೂ 125 ಕಿಲೋಹರ್ಟ್ಸ್ ಕಡೆಗೇ ಬೊಟ್ಟು ಮಾಡುತ್ತವೆ. ಬ್ಯಾಂಕ್ ಕಾರ್ಡ್ ಅದರ ದಾರಿಗೆ ಅಡ್ಡ ಬರುವ ಸಂಭವ ತೀರಾ ಕಡಿಮೆ. ಅವುಗಳ ಆವರ್ತನಗಳ ನಡುವೆ ನೂರು ಪಟ್ಟಿಗೂ ಹೆಚ್ಚು ಅಂತರ ಇದೆ.

ಹೊಸ ಬ್ಯಾಂಕ್ ಕಾರ್ಡ್ ಬಂದಾಗ ಪರ್ಸಿನೊಳಗೆ ಬೇರೆ ಏನಾದರೂ ಬದಲಾಯಿತೇ? ಆಫೀಸ್ ಕಾರ್ಡ್ ಈಗ ಯಾವುದಕ್ಕೆ ಒರಗಿ ಕೂತಿದೆ?

ಎಳೆಬಿಸಿಲು

ಹೌದಲ್ಲ! ಹೊಸ ಕಾರ್ಡಿಗೆ ಜಾಗ ಮಾಡಲು ಆಫೀಸ್ ಕಾರ್ಡನ್ನು ಚಿಲ್ಲರೆ ಜಿಪ್ಪಿನ ಬೆನ್ನಿಗಿರುವ ಖಾನೆಗೆ ಸರಿಸಿದ್ದೆ. ಈಗಷ್ಟೇ ನಾಣ್ಯಗಳನ್ನೆಲ್ಲ ಮೇಜಿನ ಮೇಲೆ ಸುರಿದೆ. ನಾಳೆ ಬೆಳಿಗ್ಗೆ ಬಾಗಿಲಲ್ಲಿ ನೋಡಿ ಬರೆಯುತ್ತೇನೆ.

ಪುಟಗಿವಿ

ನಮ್ಮ ಹೊಳೆಯುವ ಮುಖಪುಟದ ಕಥೆಯೇ ಇರಬೇಕು ಇದು.

ನಿಧಾನ ಓಟ

ನಾಳೆಯವರೆಗೆ ಕಾಯುವಾಗ ಒಂದು ಉಪಯುಕ್ತ ವಿಷಯ. ಗುಂಡಿ ಒತ್ತಿ ಚಾಲೂ ಮಾಡುವ ಕಾರಿನ ಕೀಲಿಯ ಬ್ಯಾಟರಿ ಸತ್ತರೆ ಎಷ್ಟೋ ಜನ ದಾರಿಯಲ್ಲೇ ಕಂಗಾಲಾಗುತ್ತಾರೆ. ಬಹಳಷ್ಟು ಕಾರುಗಳಲ್ಲಿ ಆ ಕೀಲಿಯನ್ನು ಚಾಲೂ ಗುಂಡಿಗೋ ಕೈಪಿಡಿಯಲ್ಲಿ ಗುರುತಿಸಿದ ಜಾಗಕ್ಕೋ ತಾಗಿಸಿ ಹಿಡಿದರೆ ಕಾರು ಹೊರಡುತ್ತದೆ. ಕೀಲಿಯೊಳಗೆ ಬ್ಯಾಟರಿ ಬೇಡದ ಇಂಥದ್ದೇ ಒಂದು ಟ್ಯಾಗ್ ಇರುತ್ತದೆ. ಇವತ್ತೇ ನಿಮ್ಮ ಕಾರಿನ ಕೈಪಿಡಿ ತೆಗೆದು ಆ ಜಾಗ ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ.

ಮಬ್ಬುಗನ್ನಡಿ

ಪಾಸ್‌ಪೋರ್ಟಿನಲ್ಲೂ ಚಿಪ್ ಇದೆಯಲ್ಲ, ಅದು ಒದರುವ ಜಾತಿಯೋ, ಪ್ರಶ್ನೆ ಕೇಳುವ ಜಾತಿಯೋ?

ಬೀಗದಕೈ

ಪ್ರಶ್ನೆ ಕೇಳುವ ಜಾತಿ. ಪುಟ ತೆರೆದು, ಕೆಳಗಿನ ಎರಡು ಸಾಲಿನ ಅಕ್ಷರಗಳನ್ನು ಯಂತ್ರಕ್ಕೆ ತೋರಿಸಬೇಕು. ಅದರಲ್ಲಿರುವ ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನ, ಅವಧಿ ಮುಗಿಯುವ ದಿನದಿಂದ ಕೀಲಿ ಹುಟ್ಟುತ್ತದೆ. ಪುಸ್ತಕ ಮುಚ್ಚಿದ್ದಾಗ ಪಕ್ಕದವರಿಗೆ ಆ ಸಾಲುಗಳು ಗೊತ್ತಿಲ್ಲದಿದ್ದರೆ ಚಿಪ್ ಒಳಗಿನದನ್ನು ಕೊಡುವುದಿಲ್ಲ. ಹಾಗಾಗಿ ಪಾಸ್‌ಪೋರ್ಟಿನ ಆ ಪುಟದ ಫೋಟೋವನ್ನು ಕಂಡಕಂಡವರಿಗೆ ಕಳಿಸಬೇಡಿ.

ಎಳೆಬಿಸಿಲು

ನಾಣ್ಯ ಖಾಲಿ ಮಾಡಿದ ಪರ್ಸಿಗೆ ಬಾಗಿಲು ಮೊದಲ ಸಲಕ್ಕೇ ತೆರೆಯಿತು. ನಂಬಿಕೆ ಬರಲಿ ಎಂದು ನಾಣ್ಯಗಳನ್ನು ಮತ್ತೆ ತುಂಬಿ ಹಿಡಿದೆ, ಸದ್ದಿಲ್ಲ. ಕಾರ್ಡನ್ನು ಪರ್ಸಿನ ಇನ್ನೊಂದು ಮಡಿಕೆಗೆ ಹಾಕಿ, ಆ ಮಡಿಕೆಯನ್ನಷ್ಟೇ ಬಾಗಿಲ ಕಡೆ ಚಾಚಿದಾಗ ನಾಣ್ಯ ಇದ್ದರೂ ತೆರೆಯಿತು. ಎಲ್ಲರಿಗೂ ಧನ್ಯವಾದ.

ತಾಮ್ರದ ಸುರುಳಿ

ಬಹಳ ಖುಷಿಯಾಯಿತು. ನಾಣ್ಯದ ಲೋಹದಲ್ಲಿ ಸುಳಿಯಂತೆ ಕರೆಂಟ್ ಹುಟ್ಟಿ, ರೀಡರಿನ ಕ್ಷೇತ್ರಕ್ಕೆ ಎದುರಾಗಿ ನಿಲ್ಲುತ್ತದೆ. ಕಾರ್ಡಿನ ಸುರುಳಿಗೆ ಅದು ಅಂಟಿಕೊಂಡಷ್ಟೂ ಏಟು ಹೆಚ್ಚು. ಒಂದೆರಡು ಸೆಂಟಿಮೀಟರ್ ಅಂತರ ಸಿಕ್ಕರೂ ಚಿಪ್‌ಗೆ ಉಸಿರಾಡುವಷ್ಟು ಜಾಗವಾಗುತ್ತದೆ.

ಎಳೆಬಿಸಿಲು

ಇನ್ನೊಂದು ಮಾತು. ಬೀಗದಕೈ ಅವರ ಬರಹವನ್ನು ನಮ್ಮ ಕಟ್ಟಡ ನೋಡಿಕೊಳ್ಳುವವರಿಗೆ ತೋರಿಸಿದೆ. ಸಂಖ್ಯೆ ಒದರುವ ಕಾರ್ಡ್ ಎಂದು ಅವರಿಗೂ ತಿಳಿದಿರಲಿಲ್ಲ. ರೀಡರುಗಳನ್ನು ಬದಲಿಸುವ ಬಗ್ಗೆ ಯೋಚಿಸುತ್ತೇವೆ, ಏನು ಕೇಳಬೇಕು ಎಂದು ಬರೆದುಕೊಡಿ ಎಂದರು.

ಬೀಗದಕೈ

ಮೂರು ಪ್ರಶ್ನೆ ಸಾಕು. ಹೊಸ ಕಾರ್ಡ್ ಎಇಎಸ್ ಬಳಸುತ್ತದೆಯೇ? ಬಾಗಿಲು ನಿಜವಾಗಿಯೂ ಆ ಗುಪ್ತಕೀಲಿಯನ್ನು ಪರೀಕ್ಷಿಸುತ್ತದೆಯೇ ಅಥವಾ ಬರೀ ಕಾರ್ಡಿನ ಸಂಖ್ಯೆ ನೋಡಿ ತೆರೆಯುತ್ತದೆಯೇ? ಹೊಸ ರೀಡರುಗಳು ಹಳೆಯ 125 ಕಿಲೋಹರ್ಟ್ಸ್ ಕಾರ್ಡನ್ನೂ ಒಪ್ಪುತ್ತಲೇ ಇರುತ್ತವೆಯೇ? ಎರಡನೆಯದನ್ನು ಒತ್ತಿ ಕೇಳಿ. ಒಳ್ಳೆಯ ಕಾರ್ಡ್ ಕೊಂಡು ಸಂಖ್ಯೆಯನ್ನಷ್ಟೇ ಓದುವ ಬಾಗಿಲುಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಮೂರನೆಯದಕ್ಕೆ ಹೌದು ಎಂದರೆ, ಅದನ್ನು ನಿಲ್ಲಿಸುವ ದಿನಾಂಕವನ್ನು ಬರಹದಲ್ಲಿ ಪಡೆಯಿರಿ.